ಮರವಿಲ್ಲದ ಬಯಲಿನ ಹೆದ್ದಾರಿ: ಅಪರಿಚಿತ ನಾಡಿನ ದೂರಪ್ರಯಾಣಕ್ಕೆ ಒಂದು ಲೆಕ್ಕ

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ನಮ್ಮ ಜಿಲ್ಲೆಯವರಿಗೆ ಹೊರದೇಶವೆಂಬುದು ಕೇವಲ ಭೂಪಟದ ಬಣ್ಣವಾಗಿ ಉಳಿದಿಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಎಷ್ಟೋ ಮನೆಗಳಲ್ಲಿ ಈಗ ಒಬ್ಬ ಮಗನೋ ಮಗಳೋ ವ್ಯಾಸಂಗಕ್ಕಾಗಿ, ಉದ್ಯೋಗಕ್ಕಾಗಿ ದೂರ ದೇಶದಲ್ಲಿರುವುದುಂಟು. ಆಸ್ಟ್ರೇಲಿಯದ ಮೆಲ್ಬರ್ನ್, ಸಿಡ್ನಿ, ಪರ್ತ್ ನಗರಗಳಲ್ಲಿ ಕನ್ನಡಿಗರ ಸಂಸಾರಗಳು ನೆಲೆಸಿವೆ. ರಜೆ ಬಂದಾಗ ಬಾಡಿಗೆಯ ಕಾರೊಂದನ್ನು ಹಿಡಿದು ಆ ದೇಶವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ ಬರುವ ಆಸೆ ತರುಣರಿಗೆ ಸಹಜ. ಆಸೆಯೇನೋ ಒಳ್ಳೆಯದೇ. ಆದರೆ ಅಂಥ ಪ್ರಯಾಣದ ಯೋಜನೆಯೆಂದರೆ ನೋಡತಕ್ಕ ಸ್ಥಳಗಳ ಪಟ್ಟಿಯಲ್ಲ. ಅದು ಪ್ರಾಣವನ್ನು ಪಣವಾಗಿಟ್ಟು ಮಾಡಬೇಕಾದ ಒಂದು ಲೆಕ್ಕ. ಈ ಲೆಕ್ಕಕ್ಕೆ ಬೇಕಾದ ಭೌತವಿಜ್ಞಾನವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಒಂದು ನಿಜವಾದ ಹಾದಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಅದನ್ನು ನೋಡೋಣ.

ಹಾದಿಯ ಪರಿಚಯ

ಆಸ್ಟ್ರೇಲಿಯದ ದಕ್ಷಿಣ ಕರಾವಳಿಯಲ್ಲಿ ನಲ್ಲರ್‌ಬಾರ್ ಎಂಬ ಮೈದಾನವಿದೆ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿಗೆ 'ಮರವಿಲ್ಲದ್ದು' ಎಂದು ಅರ್ಥ. ಅದರ ವಿಸ್ತಾರ ಸುಮಾರು 2,00,000 ಚದರ ಕಿಲೋಮೀಟರು. ಅಂದರೆ ನಮ್ಮ ಇಡೀ ಕರ್ನಾಟಕ ರಾಜ್ಯಕ್ಕಿಂತ ತುಸು ಹೆಚ್ಚು. ನೆಲವೆಲ್ಲ ಸುಣ್ಣಕಲ್ಲು. ಬಿದ್ದ ಅಲ್ಪ ಮಳೆಯೂ ಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಮರಗಳೂ ಇಲ್ಲವೆನ್ನುವಷ್ಟು ವಿರಳ.

ಎಡ್ವರ್ಡ್ ಜಾನ್ ಏರ್ ಎಂಬ ಆಂಗ್ಲ ಪ್ರವಾಸಿಯು 1841ರಲ್ಲಿ ಈ ಕರಾವಳಿಯ ಉದ್ದಕ್ಕೂ ನಡೆದುಹೋದನು. ಜೊತೆಗಾರನಾದ ಬ್ಯಾಕ್ಸ್‌ಟರ್ ದಾರಿಯಲ್ಲಿಯೇ ಕೊಲೆಯಾದನು. ಕೊನೆಯವರೆಗೆ ಏರನ ಜೊತೆಗಿದ್ದವನು ವೈಲಿ ಎಂಬ ಮೂಲನಿವಾಸಿ ತರುಣ. ಇಬ್ಬರೂ ಆ ವರ್ಷದ ಜುಲೈ ತಿಂಗಳಲ್ಲಿ ಆಲ್ಬನಿ ಪಟ್ಟಣವನ್ನು ತಲುಪಿದರು. ಮರಳುದಿಬ್ಬಗಳನ್ನು ಎಲ್ಲಿ ತೋಡಿದರೆ ಸಿಹಿನೀರು ದೊರೆಯುವುದೆಂಬುದನ್ನು ಆ ನಾಡಿನ ಮೂಲನಿವಾಸಿಗಳು ಬಲ್ಲವರಾಗಿದ್ದರು. ಅವರು ತೋರಿಸಿಕೊಟ್ಟ ನೀರಿನಿಂದಲೇ ಏರನು ಬದುಕಿದನು. ಅಪರಿಚಿತ ನಾಡಿನಲ್ಲಿ ಆ ನಾಡಿನವರ ಮಾತೇ ಮೊದಲ ಭೂಪಟವೆಂಬುದು ಈ ಕಥೆಯ ಸಾರ.

ಇಂದು ಅದೇ ದಿಕ್ಕಿನಲ್ಲಿ ಏರ್ ಹೆದ್ದಾರಿ ಸಾಗುತ್ತದೆ. ಅದನ್ನು 1941–42ರಲ್ಲಿ ನಿರ್ಮಿಸಿದರು; 1976ರ ಹೊತ್ತಿಗೆ ಪೂರ್ತಿ ಡಾಂಬರು ಬಿತ್ತು. ಪಶ್ಚಿಮದ ನಾರ್ಸ್‌ಮನ್ ಪಟ್ಟಣದಿಂದ ಪೂರ್ವದ ಸೆಡೂನ ಪಟ್ಟಣಕ್ಕೆ ಸುಮಾರು 1,200 ಕಿಲೋಮೀಟರು. ನೆಲಮಂಗಲದಿಂದ ಹೊರಟರೆ ಪುಣೆಯನ್ನು ದಾಟಿ, ಮುಂಬಯಿಯನ್ನೂ ಮೀರಿ ಹೋಗುವಷ್ಟು ದೂರ. ನಮ್ಮ ನೆಲಮಂಗಲ–ತುಮಕೂರು ರಸ್ತೆಯಲ್ಲಾದರೋ ಹೆಜ್ಜೆಗೊಂದು ಪೆಟ್ರೋಲ್ ಬಂಕು, ಹೋಟೆಲು, ಪಂಕ್ಚರ್ ಅಂಗಡಿ. ಅಲ್ಲಿ ಈ ಎರಡು ಊರುಗಳ ನಡುವೆ ಪೆಟ್ರೋಲು, ಊಟ, ಹಾಸಿಗೆ ದೊರೆಯುವ ತಂಗುದಾಣಗಳು ಕೈಬೆರಳುಗಳ ಲೆಕ್ಕದಲ್ಲಿವೆ. ಅವುಗಳ ನಡುವಣ ಅಂತರ ಸ್ಥೂಲವಾಗಿ ಹೀಗಿದೆ: ನಾರ್ಸ್‌ಮನ್‌ನಿಂದ ಬಲಡೋನಿಯಕ್ಕೆ 192 ಕಿಲೋಮೀಟರು, ಅಲ್ಲಿಂದ ಕೈಗೂನಕ್ಕೆ 182, ಕಾಕಲ್‌ಬಿಡ್ಡಿಗೆ 65, ಮದೂರಕ್ಕೆ 92, ಮಂಡ್ರಬಿಲ್ಲಕ್ಕೆ 116, ಯೂಕ್ಲಕ್ಕೆ 66, ರಾಜ್ಯದ ಗಡಿಗೆ 12, ನಲ್ಲರ್‌ಬಾರ್ ತಂಗುದಾಣಕ್ಕೆ 186, ಅಲ್ಲಿಂದ ಸೆಡೂನಕ್ಕೆ 298.

ಸರಾಸರಿ ವೇಗದ ಮೋಸ

ಹೆದ್ದಾರಿಯ ವೇಗಮಿತಿ ಗಂಟೆಗೆ 110 ಕಿಲೋಮೀಟರು. 1,200ನ್ನು 110ರಿಂದ ಭಾಗಿಸಿ, ಹನ್ನೊಂದು ಗಂಟೆಯ ದಾರಿ, ಒಂದೇ ದಿನದ ಕೆಲಸ ಎಂದುಕೊಳ್ಳುವವರು ಬಹಳ ಮಂದಿ. ಇಲ್ಲಿಯೇ ಮೊದಲ ತಪ್ಪು ನುಸುಳುತ್ತದೆ.

ಒಂದು ಸಣ್ಣ ಲೆಕ್ಕ. 100 ಕಿಲೋಮೀಟರನ್ನು ಗಂಟೆಗೆ 100ರ ವೇಗದಲ್ಲಿಯೂ ಮುಂದಿನ 100 ಕಿಲೋಮೀಟರನ್ನು 50ರ ವೇಗದಲ್ಲಿಯೂ ಕ್ರಮಿಸಿದರೆ ಸರಾಸರಿ ವೇಗವೆಷ್ಟು? 75 ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ಮೊದಲ ಭಾಗಕ್ಕೆ ಹಿಡಿದದ್ದು 1 ಗಂಟೆ, ಎರಡನೆಯದಕ್ಕೆ 2 ಗಂಟೆ. 200 ಕಿಲೋಮೀಟರಿಗೆ 3 ಗಂಟೆ. ಆದ್ದರಿಂದ ಸರಾಸರಿ ಸುಮಾರು 67 ಮಾತ್ರ. ನಿಧಾನವಾಗಿ ಸಾಗಿದ ಭಾಗಕ್ಕೆ ಹೆಚ್ಚು ಕಾಲ ಹಿಡಿಯುವುದರಿಂದ ಅದು ಸರಾಸರಿಯನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ದುರಸ್ತಿ ನಡೆದಿರುವ ರಸ್ತೆ, ಮುಂದಿನ ಲಾರಿ, ಎದುರುಗಾಳಿ ಇವೆಲ್ಲ ಸೇರಿದಾಗ ಚಾಲನೆಯ ಸರಾಸರಿ 90ಕ್ಕಿಂತ ಹೆಚ್ಚೆಂದು ನಂಬುವುದು ಜಾಣತನವಲ್ಲ.

ಇನ್ನು ಹಗಲೆಷ್ಟು? ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿ ರಜೆ ಸಾಮಾನ್ಯವಾಗಿ ಜೂನ್–ಜುಲೈ ತಿಂಗಳುಗಳಲ್ಲಿ ಬರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಅದು ಚಳಿಗಾಲ. ದೇವನಹಳ್ಳಿ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ 20 ನಿಮಿಷದಷ್ಟಿರುತ್ತದೆ. ಏರ್ ಹೆದ್ದಾರಿಯಿರುವ 32 ಡಿಗ್ರಿ ದಕ್ಷಿಣದಲ್ಲಿ ಜೂನ್ ತಿಂಗಳ ಹಗಲು ಸುಮಾರು 10 ಗಂಟೆ. ಕಾಂಗರೂಗಳು ಮೇವಿಗಾಗಿ ರಸ್ತೆಯ ಬಳಿಗೆ ಬರುವುದು ಮುಸ್ಸಂಜೆಯಲ್ಲಿ ಮತ್ತು ಮುಂಜಾವದಲ್ಲಿ. ಸೂರ್ಯೋದಯದ ಅನಂತರ ಒಂದು ಗಂಟೆ, ಸೂರ್ಯಾಸ್ತದ ಮುಂಚೆ ಒಂದು ಗಂಟೆಯನ್ನು ಬಿಟ್ಟರೆ ಉಳಿಯುವುದು 8 ಗಂಟೆ. ಅದರಲ್ಲಿ ಊಟಕ್ಕೂ, ಎರಡು ಗಂಟೆಗೊಮ್ಮೆ ಕಾಲಾಡಿಸುವುದಕ್ಕೂ ಕಳೆದರೆ ಚುಕ್ಕಾಣಿ ಹಿಡಿಯಲು ಸಿಗುವುದು 6 ಗಂಟೆ. ಆರು ತೊಂಬತ್ತಲೆ ಐನೂರ ನಲವತ್ತು. 1,200 ಕಿಲೋಮೀಟರಿಗೆ ಎರಡು ದಿನ ಸಾಲದು. ಮೂರು ದಿನ ಬೇಕು.

ಹಾಗಾದರೆ ಮೊದಲ ದಿನ ಕಾಕಲ್‌ಬಿಡ್ಡಿಯವರೆಗೆ 439 ಕಿಲೋಮೀಟರು, ಎರಡನೆಯ ದಿನ ನಲ್ಲರ್‌ಬಾರ್ ತಂಗುದಾಣಕ್ಕೆ 472, ಮೂರನೆಯ ದಿನ ಸೆಡೂನಕ್ಕೆ 298 ಎಂದು ಹಂಚಿಕೊಳ್ಳಬಹುದು. ಎರಡು ರಾತ್ರಿಗಳ ತಂಗುವಿಕೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೊಠಡಿ ತುಂಬಿದೆಯೆಂದು ತಿಳಿದರೆ ಮುಂದಿನ ಊರಿಗೆ ಹೋಗೋಣವೆನ್ನಲು ಅಲ್ಲಿ ಮುಂದಿನ ಊರೇ ಇಲ್ಲ.

ಗಡಿಯಾರ ಮತ್ತು ಸೂರ್ಯ

ಪಶ್ಚಿಮ ಆಸ್ಟ್ರೇಲಿಯದ ಕಾಲ ಗ್ರೀನಿಚ್ಚಿಗಿಂತ 8 ಗಂಟೆ ಮುಂದು. ದಕ್ಷಿಣ ಆಸ್ಟ್ರೇಲಿಯದ್ದು ಒಂಬತ್ತೂವರೆ ಗಂಟೆ ಮುಂದು. ಬೇಸಿಗೆಯಲ್ಲಿ ದಕ್ಷಿಣ ಆಸ್ಟ್ರೇಲಿಯದವರು ಗಡಿಯಾರವನ್ನು ಇನ್ನೊಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಇವೆರಡರ ನಡುವೆ ಯೂಕ್ಲದ ಸುತ್ತಮುತ್ತ ಎಂಟು ಮುಕ್ಕಾಲು ಗಂಟೆಯ ಸ್ಥಳೀಯ ಕಾಲವೊಂದು ರೂಢಿಯಲ್ಲಿದೆ. ಒಂದೇ ದಿನದಲ್ಲಿ ಮೂರು ಗಡಿಯಾರಗಳು!

ಸೂರ್ಯನು ಸರ್ಕಾರದ ಗಡಿಯಾರವನ್ನು ಅನುಸರಿಸುವುದಿಲ್ಲ. ಭೂಮಿಯು ಒಂದು ಡಿಗ್ರಿ ರೇಖಾಂಶದಷ್ಟು ತಿರುಗಲು 4 ನಿಮಿಷ ಬೇಕು. 32 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶದ ಅಗಲ ಸುಮಾರು 94 ಕಿಲೋಮೀಟರು. ಎರಡನೆಯ ದಿನ 472 ಕಿಲೋಮೀಟರು ಪೂರ್ವಕ್ಕೆ ಸಾಗಿದವರು ಸುಮಾರು 5 ಡಿಗ್ರಿ ಸರಿದಿರುತ್ತಾರೆ. ಅವರಿಗೆ ಸೂರ್ಯಾಸ್ತವು 20 ನಿಮಿಷ ಬೇಗ ಆಗುತ್ತದೆ. ಆದರೆ ಅಂಗಡಿಯ ಗಡಿಯಾರ ಒಂದೂವರೆ ಗಂಟೆ ಮುಂದೆ ಹೋಗಿರುತ್ತದೆ. ಪಶ್ಚಿಮದ ಕಾಲದಲ್ಲಿ ಬೆಳಿಗ್ಗೆ 7–30ಕ್ಕೆ ಹೊರಟು, ವಿಶ್ರಾಂತಿಯೂ ಸೇರಿ 6¾ ಗಂಟೆಯಲ್ಲಿ ತಲುಪಿದರೆ ನಮ್ಮ ಕೈಗಡಿಯಾರದಲ್ಲಿ 2–15. ತಂಗುದಾಣದ ಗೋಡೆಯ ಮೇಲೆ 3–45. ಅಡಿಗೆಮನೆ ಮುಚ್ಚುವುದು ಗೋಡೆಯ ಗಡಿಯಾರವನ್ನು ನೋಡಿ, ಕಾಂಗರೂ ಹೊರಡುವುದು ಸೂರ್ಯನನ್ನು ನೋಡಿ. ಯೋಜನೆಯ ಕಾಗದದಲ್ಲಿ ಎರಡನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಕತ್ತಲಲ್ಲಿ ಏಕೆ ಓಡಿಸಬಾರದು?

ಗಂಟೆಗೆ 110 ಕಿಲೋಮೀಟರೆಂದರೆ ಸೆಕೆಂಡಿಗೆ 30.6 ಮೀಟರು. ಅಡ್ಡಿಯನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಕಾರು 46 ಮೀಟರು ಹೋಗಿರುತ್ತದೆ. ಆಮೇಲೆ ಬ್ರೇಕಿನ ಕೆಲಸ. ಒಣಗಿದ ಡಾಂಬರಿನ ಮೇಲೆ ವೇಗವು ಪ್ರತಿ ಸೆಕೆಂಡಿಗೆ 7 ಮೀಟರಿನಷ್ಟು ಕುಗ್ಗುವುದೆಂದರೆ, ವೇಗದ ವರ್ಗವನ್ನು 14ರಿಂದ ಭಾಗಿಸಿ 67 ಮೀಟರು. ಒಟ್ಟು 113 ಮೀಟರು. ರಸ್ತೆಯ ಅಂಚಿನ ಜಲ್ಲಿಯ ಮೇಲೆ ಬ್ರೇಕಿನ ಬಲ ಇನ್ನೂ ಕಡಿಮೆಯಾಗುವುದರಿಂದ ಈ ದೂರ 160 ಮೀಟರನ್ನು ದಾಟಬಹುದು.

ಈಗ ರಾತ್ರಿಯ ಸಂಗತಿ. ತಗ್ಗಿಸಿದ ಮುಂದೀಪವು 60 ಮೀಟರಿನಾಚೆ ಹೆಚ್ಚಾಗಿ ಬೆಳಗದು. 60 ಮೀಟರು ದೂರದಲ್ಲಿ ಕಾಂಗರೂ ಕಂಡಿತೆನ್ನೋಣ. ಅದರಲ್ಲಿ 46 ಮೀಟರು ಯೋಚನೆಯಲ್ಲಿಯೇ ಕಳೆಯಿತು. ಉಳಿದ 14 ಮೀಟರಿನಲ್ಲಿ ಬ್ರೇಕು ಎಷ್ಟು ವೇಗವನ್ನು ತಗ್ಗಿಸೀತು? ಲೆಕ್ಕ ಮಾಡಿದರೆ ಡಿಕ್ಕಿಯ ಗಳಿಗೆಯಲ್ಲಿ ಕಾರಿನ ವೇಗ ಇನ್ನೂ ಗಂಟೆಗೆ 98 ಕಿಲೋಮೀಟರು! ಚಾಲಕನ ಕುಶಲತೆ ಇಲ್ಲಿ ಏನನ್ನೂ ಮಾಡಲಾರದು. ಬೆಳಕಿನ ಅಳತೆಯೊಳಗೆ ನಿಲ್ಲಬೇಕಾದರೆ ವೇಗವು 73ನ್ನು ಮೀರಬಾರದು. ಕಾಂಗರೂವಿಗೆ ಹೆದರಿ ಚುಕ್ಕಾಣಿಯನ್ನು ಥಟ್ಟನೆ ತಿರುಗಿಸಿದರೂ ಅಪಾಯ ತಪ್ಪಿದ್ದಲ್ಲ. ಜಲ್ಲಿಗೆ ಇಳಿದ ಕಾರು ಮಗುಚಬಹುದು. ನೇರವಾಗಿ ಬ್ರೇಕು ಒತ್ತುವುದೇ ಮೇಲು. ಕತ್ತಲಾಗುವ ಮುನ್ನ ನಿಲ್ಲಿಸುವುದು ಅದಕ್ಕಿಂತಲೂ ಮೇಲು.

ಉದ್ದನೆಯ ಲಾರಿ, ಉದ್ದನೆಯ ರಸ್ತೆ

ಈ ಹೆದ್ದಾರಿಯಲ್ಲಿ ಹಿಂದೆ ಹಿಂದೆ ಗಾಡಿಗಳನ್ನು ಕಟ್ಟಿಕೊಂಡ 36.5 ಮೀಟರು ಉದ್ದದ ಲಾರಿಗಳು ಓಡಾಡುತ್ತವೆ. ಅಂಥ ಲಾರಿ 100ರ ವೇಗದಲ್ಲಿಯೂ ನಮ್ಮ ಕಾರು 110ರಲ್ಲಿಯೂ ಹೋಗುತ್ತಿದ್ದರೆ ಸಾಪೇಕ್ಷ ವೇಗ ಗಂಟೆಗೆ ಕೇವಲ 10 ಕಿಲೋಮೀಟರು. ಹಿಂದೆ 40 ಮೀಟರು, ಮುಂದೆ 40 ಮೀಟರು ಅಂತರವಿಟ್ಟು, ಎರಡೂ ವಾಹನಗಳ ಉದ್ದವನ್ನು ಕೂಡಿದರೆ ಸುಮಾರು 121 ಮೀಟರು. ಅದನ್ನು ದಾಟಲು 44 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 1.3 ಕಿಲೋಮೀಟರು ಕ್ರಮಿಸಿರುತ್ತದೆ. ಎದುರಿನಿಂದ ಇನ್ನೊಂದು ಕಾರು ಅದೇ ವೇಗದಲ್ಲಿ ಬರುತ್ತಿದ್ದರೆ ಅದೂ 1.3 ಕಿಲೋಮೀಟರು ಬಂದಿರುತ್ತದೆ. ಆದಕಾರಣ ಎರಡೂವರೆ ಕಿಲೋಮೀಟರಿಗೂ ಮಿಕ್ಕಿ ರಸ್ತೆ ಬರಿದಾಗಿ ಕಾಣದ ಹೊರತು ಮುಂದೆ ನುಗ್ಗಬಾರದು. ಹೊಸಕೋಟೆ–ಕೋಲಾರ ರಸ್ತೆಯ ಅಂದಾಜು ಅಲ್ಲಿ ನಡೆಯದು.

ಬಲಡೋನಿಯ ಮತ್ತು ಕೈಗೂನಗಳ ನಡುವೆ 146.6 ಕಿಲೋಮೀಟರು ರಸ್ತೆ ಒಂದಿಷ್ಟೂ ತಿರುವಿಲ್ಲದೆ ಸಾಗುತ್ತದೆ. ನೆಲಮಂಗಲದಿಂದ ಹಿರಿಯೂರನ್ನು ದಾಟುವವರೆಗೆ ಗೆರೆ ಎಳೆದಂತೆ ನೇರವಾದ ರಸ್ತೆಯನ್ನು ಊಹಿಸಿಕೊಳ್ಳಿರಿ. 110ರ ವೇಗದಲ್ಲಿಯೂ ಇದು 80 ನಿಮಿಷದ ದಾರಿ. ಕಣ್ಣಿಗೆ ಬದಲಾವಣೆಯಿಲ್ಲದಿದ್ದರೆ ಮನಸ್ಸು ಜೊಂಪಿಗೆ ಜಾರುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ ಕಾರು 92 ಮೀಟರು ಕುರುಡಾಗಿ ಓಡಿರುತ್ತದೆ. ತಿರುವಿಲ್ಲದ ರಸ್ತೆ ಸುಲಭವಾದುದೆಂಬುದು ಭ್ರಮೆ. ಚಾಲಕರು ಇಬ್ಬರಿದ್ದು ಸರದಿಯಂತೆ ಬದಲಾಯಿಸಿಕೊಳ್ಳುವುದು ಉತ್ತಮ ಕ್ರಮ.

ಪೆಟ್ರೋಲಿನ ಲೆಕ್ಕ

ವೇಗವಾಗಿ ಓಡುವ ಕಾರಿನ ಶಕ್ತಿಯ ಬಹುಭಾಗ ಗಾಳಿಯನ್ನು ಸೀಳಲು ವ್ಯಯವಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾದದ್ದು. ಇಲ್ಲಿ ವೇಗವೆಂದರೆ ನೆಲಕ್ಕೆ ಸಂಬಂಧಿಸಿದ್ದಲ್ಲ, ಗಾಳಿಗೆ ಸಂಬಂಧಿಸಿದ್ದು. 110ರಲ್ಲಿ ಸಾಗುವ ಕಾರಿಗೆ 30ರ ಎದುರುಗಾಳಿ ಬಂದರೆ ಗಾಳಿಯ ಪಾಲಿಗೆ ಅದರ ವೇಗ 140. ತಡೆಯು 1.62 ಪಟ್ಟು ಆಗುತ್ತದೆ. ಒಟ್ಟು ಖರ್ಚಿನಲ್ಲಿ ಗಾಳಿಯ ಪಾಲು ಮೂರರಲ್ಲಿ ಎರಡೆಂದು ತೆಗೆದುಕೊಂಡರೆ, 100 ಕಿಲೋಮೀಟರಿಗೆ 8 ಲೀಟರು ಕುಡಿಯುವ ಕಾರು 11.3 ಲೀಟರು ಕುಡಿಯುತ್ತದೆ. 50 ಲೀಟರಿನ ತೊಟ್ಟಿ 625 ಕಿಲೋಮೀಟರಿಗೆ ಬರುವುದೆಂದು ನಂಬಿದ್ದರೆ ಅದು 442ಕ್ಕೇ ಬರಿದಾಗುತ್ತದೆ.

ಈಗ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಮುಂದಿನ ತಂಗುದಾಣದಲ್ಲಿ ಪೆಟ್ರೋಲು ಇಲ್ಲದಿದ್ದರೆ? ನಾರ್ಸ್‌ಮನ್‌ನಿಂದ ಹೊರಟು ಬಲಡೋನಿಯದಲ್ಲಿ ದೊರೆಯದೆ ಕೈಗೂನಕ್ಕೇ ಹೋಗಬೇಕಾದರೆ 374 ಕಿಲೋಮೀಟರು. ಎದುರುಗಾಳಿಯಲ್ಲಿ ಅದಕ್ಕೆ 42 ಲೀಟರು ಬೇಕು. ತುಂಬಿದ ತೊಟ್ಟಿಯಿದ್ದವನು 8 ಲೀಟರು ಮಿಗಿಸಿಕೊಂಡು ತಲುಪುವನು. ಅರ್ಧ ತೊಟ್ಟಿಯಲ್ಲಿ ಹೊರಟವನು ನಡುದಾರಿಯಲ್ಲಿ ನಿಲ್ಲುವನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಒಂದು ನಿಲ್ದಾಣ ಕೈಕೊಟ್ಟರೂ ಅದರ ಮುಂದಿನದನ್ನು ತಲುಪುವಷ್ಟು ಪೆಟ್ರೋಲು ಯಾವಾಗಲೂ ಇರಬೇಕೆಂಬುದೇ ಸೂತ್ರ. ಕಾರಿನ ತಾರಸಿಯ ಮೇಲೆ ಪೆಟ್ಟಿಗೆಗಳನ್ನು ಕಟ್ಟಿದರೆ ಗಾಳಿಯ ತಡೆ ಇನ್ನೂ ಹೆಚ್ಚುವುದೆಂಬುದನ್ನು ಮರೆಯಬಾರದು. ವೇಗವನ್ನು 90ಕ್ಕೆ ಇಳಿಸಿದರೆ ಖರ್ಚು ತಗ್ಗುವುದೂ ಇದೇ ನಿಯಮದಿಂದ.

ನೀರಿನ ಲೆಕ್ಕ

ಚಳಿಗಾಲದಲ್ಲಿ ಹೋಗುವವರಿಗೆ ಸೆಕೆಯ ಭಯ ಕಡಿಮೆ. ಬೇಸಿಗೆಯಲ್ಲಾದರೆ ಅಲ್ಲಿ ತಾಪ 45 ಡಿಗ್ರಿಯನ್ನು ದಾಟುವುದುಂಟು. ಗಾಳಿಯು ಮೈಗಿಂತ ಬಿಸಿಯಾಗಿರುವಾಗ ದೇಹಕ್ಕೆ ತಂಪು ದೊರೆಯಲು ಬೆವರೊಂದೇ ದಾರಿ. ಸುಮ್ಮನೆ ಕುಳಿತ ದೇಹವೂ ಸುಮಾರು 100 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಬಿಸಿಲಿನಲ್ಲಿ ನಿಂತರೆ ಸೂರ್ಯನಿಂದ ಇನ್ನೂ ಕೆಲವು ನೂರು ವಾಟ್ ಸೇರುತ್ತದೆ. ಒಂದು ಲೀಟರು ಬೆವರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಗುಪ್ತೋಷ್ಣವನ್ನು ಒಯ್ಯುತ್ತದೆ. ಒಟ್ಟು 400 ವಾಟ್ ಎಂದು ಹಿಡಿದರೆ ಗಂಟೆಗೆ 14.4 ಲಕ್ಷ ಜೂಲ್. ಅಂದರೆ ಗಂಟೆಗೆ 0.6 ಲೀಟರು ನೀರು. ಹತ್ತು ಗಂಟೆಗೆ 6 ಲೀಟರು. ನೆರಳಿನಲ್ಲಿ ಕುಳಿತವನಿಗೆ ಇದರ ಒಂದು ಭಾಗ ಸಾಕು. ಕಾರು ಕೆಟ್ಟಾಗ ಅದನ್ನು ಬಿಟ್ಟು ನಡೆದುಹೋಗಬಾರದು, ಅದರ ನೆರಳಿನಲ್ಲಿಯೇ ಇರಬೇಕು ಎಂಬ ಅಲ್ಲಿನವರ ಬುದ್ಧಿವಾದಕ್ಕೆ ಕಾರಣ ಇದೇ. ವಿಸ್ತಾರವಾದ ಬಯಲಿನಲ್ಲಿ ಹುಡುಕುವವರಿಗೂ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಒಬ್ಬೊಬ್ಬರಿಗೆ ಕನಿಷ್ಠ 10 ಲೀಟರು ನೀರು ಕಾರಿನಲ್ಲಿ ಇರುವುದು ಅತಿಯಲ್ಲ.

ಭೂಪಟ, ದೂರವಾಣಿ, ಕಾಗದಪತ್ರ

ಕೈಯಲ್ಲಿರುವ ಮೊಬೈಲು ಎಲ್ಲ ದಾರಿಯನ್ನೂ ತೋರಿಸುವಾಗ ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಮೊಬೈಲು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ನಾವಿರುವ ಸ್ಥಾನವನ್ನು ಅದು ತಿಳಿಯುವುದು ಸುಮಾರು 20,200 ಕಿಲೋಮೀಟರು ಎತ್ತರದ ಉಪಗ್ರಹಗಳಿಂದ. ಅದಕ್ಕೆ ಯಾವ ಗೋಪುರವೂ ಬೇಡ. ಆದರೆ ಭೂಪಟದ ಚಿತ್ರವನ್ನು ತರಿಸಿಕೊಳ್ಳಲು ಗೋಪುರ ಬೇಕು. ಏರ್ ಹೆದ್ದಾರಿಯ ಬಹುಭಾಗದಲ್ಲಿ ಅದು ಇಲ್ಲ. ಭೂಪಟವನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಬರಿಯ ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆ ಮಾತ್ರ ಕಾಣುತ್ತದೆ. ಮುದ್ರಿತ ಭೂಪಟವೊಂದು ಜೊತೆಗಿರಲಿ. ಅದಕ್ಕೆ ಬ್ಯಾಟರಿ ಮುಗಿಯುವ ಭಯವಿಲ್ಲ.

ಸಂದೇಶ ಹೋಗದ ಹಾದಿಯಲ್ಲಿ ಕಾಲವೇ ಸಂದೇಶವಾಹಕ. ಇಂಥ ದಿನ ಇಂಥ ಗಂಟೆಗೆ ಇಂಥ ತಂಗುದಾಣದಿಂದ ಕರೆ ಮಾಡುತ್ತೇವೆ, ಅದಾದ ಇಷ್ಟು ಗಂಟೆಯೊಳಗೆ ಕರೆ ಬಾರದಿದ್ದರೆ ಪೊಲೀಸರಿಗೆ ತಿಳಿಸಿರಿ ಎಂದು ನಗರದಲ್ಲಿರುವ ಗೆಳೆಯರಿಗೆ ಬರೆದುಕೊಟ್ಟು ಹೊರಡಬೇಕು. ಆ ದೇಶದ ತುರ್ತು ಸಂಖ್ಯೆ 000. ಹೆದ್ದಾರಿಯ ಕೆಲವೆಡೆ ರಸ್ತೆಯ ಮೇಲೆಯೇ ವಿಮಾನ ಇಳಿಯುವ ಗುರುತುಗಳಿವೆ; 1928ರಲ್ಲಿ ಆರಂಭವಾದ ಹಾರುವ ವೈದ್ಯರ ಸೇವೆಯು ಗಾಯಾಳುಗಳನ್ನು ಅಲ್ಲಿಂದ ಎತ್ತಿಕೊಂಡು ಹೋಗುತ್ತದೆ. ವೈದ್ಯನು ವಿಮಾನದಲ್ಲಿ ಬರಬೇಕಾದಷ್ಟು ದೂರದಲ್ಲಿದ್ದೇವೆಂಬುದನ್ನು ಆ ಬಿಳಿಯ ಗೆರೆಗಳು ನೆನಪಿಗೆ ತರುತ್ತವೆ.

ಚಾಲನಾ ಪರವಾನಗಿಯ ನಿಯಮ ಆ ದೇಶದ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆ. ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪತ್ರವನ್ನು ಇಲ್ಲಿಯ ಪ್ರಾದೇಶಿಕ ಸಾರಿಗೆ ಕಛೇರಿಯಿಂದಲೇ ಪಡೆದುಕೊಂಡು ಹೋಗುವುದು ಕ್ಷೇಮ. ದೇವನಹಳ್ಳಿಯಲ್ಲಿಯೂ ನೆಲಮಂಗಲದಲ್ಲಿಯೂ ಅಂಥ ಕಛೇರಿಗಳಿವೆ. ನಮ್ಮಂತೆಯೇ ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆ ಚಲಿಸುವುದು ಒಂದು ಅನುಕೂಲ. ಇನ್ನೊಂದು ಮಾತು: ಹಣ್ಣಿನ ನೊಣ ಮೊದಲಾದ ಕೀಟಗಳು ಹರಡದಂತೆ ರಾಜ್ಯಗಳ ನಡುವೆ ತಪಾಸಣೆಯುಂಟು. ಪೂರ್ವಕ್ಕೆ ಹೋಗುವವರು ಸೆಡೂನದಲ್ಲಿ ಹಣ್ಣು ತರಕಾರಿಗಳನ್ನು ಒಪ್ಪಿಸಬೇಕಾಗುತ್ತದೆ. ಪಶ್ಚಿಮಕ್ಕೆ ಬರುವವರು ಗಡಿಯಲ್ಲಿ ಜೇನುತುಪ್ಪವನ್ನೂ ಬಿಡಬೇಕು. ಬುತ್ತಿಯನ್ನು ಅದಕ್ಕೆ ತಕ್ಕಂತೆ ಕಟ್ಟಿಕೊಳ್ಳಬೇಕು.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದರೆ ಯೋಜನೆ ಸಿದ್ಧವಾಯಿತು: ನಿಲ್ದಾಣಗಳ ನಡುವಣ ದೂರ, ಅದಕ್ಕೆ ಬೇಕಾದ ಪೆಟ್ರೋಲು, ತಲುಪುವ ಹೊತ್ತು, ಸೂರ್ಯಾಸ್ತದ ಹೊತ್ತು, ಕರೆಯ ಹೊತ್ತು, ಮತ್ತು ಪ್ರತಿಯೊಂದು ಸಾಲಿನ ಎದುರು 'ಇದು ತಪ್ಪಿದರೆ?' ಎಂಬ ಪ್ರಶ್ನೆಗೆ ಉತ್ತರ. ಈ ಕೊನೆಯ ಸಾಲೇ ಅಪರಿಚಿತ ನಾಡಿನ ಯೋಜನೆಯನ್ನು ಪರಿಚಿತ ನಾಡಿನ ಯೋಜನೆಯಿಂದ ಬೇರ್ಪಡಿಸುವುದು. ಇಲ್ಲಿ ಒಂದು ಲೆಕ್ಕ ತಪ್ಪಿದರೆ ಯಾರಾದರೂ ಕೈಹಿಡಿಯುತ್ತಾರೆ. ಅಲ್ಲಿ ಲೆಕ್ಕವೇ ಕೈಹಿಡಿಯಬೇಕು.

ಆದರೆ ಬ್ರೇಕಿನ ನಿಯಮಕ್ಕೆ ದೇಶವಿಲ್ಲ. ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು ವೇಗದ ಕಾರು ನಿಲ್ಲಲು ಎಷ್ಟು ದೂರ ಬೇಕು, ಮಳೆಯಲ್ಲಿ ವೇಗವು ಸೆಕೆಂಡಿಗೆ 4 ಮೀಟರಿನಷ್ಟು ಮಾತ್ರ ಕುಗ್ಗುವುದಾದರೆ ಎಷ್ಟು ಎಂಬುದನ್ನು ವಾಚಕರು ಮೇಲಿನ ಕ್ರಮದಿಂದಲೇ ಕಂಡುಕೊಳ್ಳಬಹುದು. ಮೊದಲನೆಯದಕ್ಕೆ ಸುಮಾರು 69 ಮೀಟರೂ ಎರಡನೆಯದಕ್ಕೆ ಸುಮಾರು 95 ಮೀಟರೂ ಬರಬೇಕು. ಉತ್ತರ ಸರಿಯಾಗಿ ಬಂದವರು ಮುಂದಿನ ವಾಹನದಿಂದ ತಾವು ಬಿಡುತ್ತಿರುವ ಅಂತರವನ್ನೂ ಒಮ್ಮೆ ಅಳೆದು ನೋಡಲಿ.